ಇಂಗ್ಲಿಷಿಗೂ ಮೈಲಿಗೆಯಂತೆ!

ಇಂಗ್ಲಿಷು ಕೆಟ್ಟುಹೋಯಿತಂತೆ. ಹಾಗಂತ ಇಂಗ್ಲಿಷಿನ ಒಡೆಯರೇ ಬಾಯಿ ಬಡಿದುಕೊಳ್ಳುತ್ತಿದ್ದಾರೆ. ಲಂಡನ್ನಿನ ಪತ್ರಿಕೆಗಳ ವಾಚಕರ ಪತ್ರದಲ್ಲಿ, ಅಮೆರಿಕದ ಪ್ರೊಫೆಸರರ ಅಂಕಣದಲ್ಲಿ, ಅವರನ್ನು ನೋಡಿ ನಮ್ಮ ಕಾಲೇಜುಗಳ ಸ್ಟಾಫ್ ರೂಮಿನಲ್ಲಿ, ಎಲ್ಲಾ ಕಡೆ ಒಂದೇ ರಾಗ. ಹುಡುಗರಿಗೆ ಸ್ಪೆಲಿಂಗ್ ಬರೋಲ್ಲ. ಗ್ರಾಮರ್ ಸತ್ತಿತು. ಮೊಬೈಲು ಬಂದು ಪದಗಳನ್ನೆಲ್ಲ ತುಂಡು ತುಂಡು ಮಾಡಿತು. ವಲಸೆ ಬಂದವರು, ಕಪ್ಪು ಜನ, ಕೂಲಿಕಾರರು ಬಾಯಿ ಹಾಕಿ ಹಾಲಿನಂಥ ಭಾಷೆಯನ್ನು ಒಡೆದುಬಿಟ್ಟರು.

ಈ ಕೂಗು ನಮಗೆ ಹೊಸದಲ್ಲ. ಇದು ಬಾವಿಕಟ್ಟೆಯ ಮೇಲೆ ನಿಂತು ಹಾಕುವ ಕೂಗು. ಯಾರೋ ಮುಟ್ಟಿದರು, ನೀರು ಕೆಟ್ಟಿತು. ನೀರನ್ನು ಪರೀಕ್ಷೆ ಮಾಡಿದವರು ಒಬ್ಬರೂ ಇಲ್ಲ. ಮುಟ್ಟಿದವರು ಯಾರು ಅನ್ನೋದಷ್ಟೇ ಪರೀಕ್ಷೆ. 1927ರಲ್ಲಿ ಮಹಾಡದ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಕುಡಿದ ಮೇಲೆ ಸವರ್ಣೀಯರು ಸಗಣಿ ಗಂಜಲ ಸುರಿದು ಆ ಕೆರೆಯನ್ನು 'ಶುದ್ಧಿ' ಮಾಡಿದರಲ್ಲ, ಅದೇ ಬುದ್ಧಿ ಇದು. ಕೋಟು ಹಾಕಿಕೊಂಡು ಬಂದಿದೆ, ಅಷ್ಟೆ.

ನಮಗ್ಯಾಕೆ ಈ ಉಸಾಬರಿ ಅಂತ ಕೇಳುವ ಗೆಳೆಯರಿದ್ದಾರೆ. ಇಂಗ್ಲಿಷು ಸಾಮ್ರಾಜ್ಯಶಾಹಿಯ ಭಾಷೆ, ಅದು ಕೆಟ್ಟರೆ ಕೆಡಲಿ, ಸತ್ತರೆ ಸಾಯಲಿ ಅನ್ನುತ್ತಾರೆ. ಹೇಳೋದು ಸುಲಭ. ಆದರೆ ಕೆಡಿಸಿದವರು ಯಾರು ಅಂತ ಬೆರಳು ತೋರಿಸುವ ದಿಕ್ಕಿನಲ್ಲಿ ಯಾವಾಗಲೂ ನಮ್ಮಂಥವರೇ ನಿಂತಿರುತ್ತೇವೆ. ಅಲ್ಲಿ ಹಾರ್ಲೆಮ್ಮಿನ ಕಪ್ಪು ಹುಡುಗ, ಲಂಡನ್ನಿನ ಹಮಾಲಿ. ಇಲ್ಲಿ ಬೆಂಗಳೂರಿನ ಇಂಟರ್‌ವ್ಯೂ ಕೋಣೆಯಲ್ಲಿ ಬೆವರುತ್ತಾ ಕೂತ ನಮ್ಮ ಕೇರಿಯ ಹುಡುಗಿ. ಬೆರಳು ನಮ್ಮ ಕಡೆ ಇರುವಾಗ, ಆ ಬೆರಳಿನ ಚರಿತ್ರೆ ಏನು ಅಂತ ಕೇಳುವ ಹಕ್ಕು ನಮಗಿದೆ.

ಕೇಳೋಣ. ಗಲಿವರನ ಕಥೆ ಬರೆದ ಜೋನಾಥನ್ ಸ್ವಿಫ್ಟ್ ನಮಗೆಲ್ಲ ಸ್ಕೂಲಿನಿಂದ ಗೊತ್ತು. 1710ರಲ್ಲಿ ಈತ 'ಟ್ಯಾಟ್ಲರ್' ಎಂಬ ಪತ್ರಿಕೆಯಲ್ಲಿ ಇಂಗ್ಲಿಷು ಹಾಳಾಗುತ್ತಿದೆ ಅಂತ ಬರೆದ. ಅವನ ಕಣ್ಣು ಕೆಂಪಾದದ್ದು ಒಂದು ಪುಟ್ಟ ಪದದ ಮೇಲೆ: 'ಮಾಬ್'. ಲ್ಯಾಟಿನ್ನಿನ 'ಮೊಬಿಲೆ ವುಲ್ಗುಸ್', ಅಂದರೆ ಚಂಚಲವಾದ ಜನಜಂಗುಳಿ ಅನ್ನೋದನ್ನು ಜನ ಕತ್ತರಿಸಿ ಮಾಬ್ ಮಾಡಿಕೊಂಡಿದ್ದರು. ಇಂಥ ಮೊಂಡು ಪದಗಳಿಂದ ಭಾಷೆ ಕಾಡುಜನರ ಭಾಷೆಯಾಗುತ್ತದೆ ಎಂಬುದು ಅವನ ಸಂಕಟ. ಇವತ್ತು ಮಾಬ್ ಅನ್ನೋದು ಯಾವ ನಿಘಂಟಿನಲ್ಲೂ ತಪ್ಪಲ್ಲ. ತಮಾಷೆ ನೋಡಿ, ಭಾಷೆ ಕೆಡಿಸಿತು ಅಂತ ಇವತ್ತು ಬೈಸಿಕೊಳ್ಳುವ ಮೊಬೈಲ್ ಫೋನು ಕೂಡ ಅದೇ ಲ್ಯಾಟಿನ್ ಬೇರಿನದು. ಮುನ್ನೂರು ವರ್ಷವಾದರೂ ಕಳ್ಳನ ಹೆಸರು ಬದಲಾಗಿಲ್ಲ!

1712ರಲ್ಲಿ ಸ್ವಿಫ್ಟ್ ಇನ್ನೂ ಮುಂದೆ ಹೋದ. ಆಗಿನ ಖಜಾನೆಯ ಮುಖ್ಯಸ್ಥ ರಾಬರ್ಟ್ ಹಾರ್ಲಿಗೆ ಬಹಿರಂಗ ಪತ್ರ ಬರೆದು, ಪಂಡಿತರ ಒಂದು ಸಭೆ ಮಾಡಿ ಇಂಗ್ಲಿಷನ್ನು ಒಂದೇ ಸಾರಿ ತಿದ್ದಿ, ಮುಂದೆಂದೂ ಅಲ್ಲಾಡದಂತೆ ಮೊಳೆ ಹೊಡೆದುಬಿಡಿ ಅಂದ. ಅದರಲ್ಲಿ ಒಂದು ದೂರನ್ನು ಹಳ್ಳಿ ಮೇಷ್ಟ್ರುಗಳು ಗಮನಿಸಬೇಕು. ಡಿಸ್ಟರ್ಬೆಡ್, ರಿಬ್ಯೂಕೆಡ್ ಅಂತ ಪೂರ್ತಿ ಹೇಳಬೇಕಾದ ಪದಗಳನ್ನು ಜನ ಡಿಸ್ಟರ್ಬ್‌ಡ್, ರಿಬ್ಯೂಕ್ಡ್ ಅಂತ ಸ್ವರ ನುಂಗಿ ಹೇಳುತ್ತಾರೆ, ಇದು ಕಿವಿಗೆ ಕಠೋರ ಅಂತ. ಈಗ ನಮ್ಮ ಸರ್ಕಾರಿ ಶಾಲೆಯ ಐದನೇ ಕ್ಲಾಸಿನ ಮಗು ಪುಸ್ತಕ ಹಿಡಿದು 'ಆಸ್ಕೆಡ್', 'ವಾಕೆಡ್' ಅಂತ ಓದಿದರೆ ಏನಾಗುತ್ತದೆ? ಕಾನ್ವೆಂಟಿನವರು ಬಿದ್ದು ಬಿದ್ದು ನಗುತ್ತಾರೆ. ಸ್ವಿಫ್ಟ್ ಇದ್ದಿದ್ದರೆ ಆ ಮಗುವಿನ ಬೆನ್ನು ತಟ್ಟುತ್ತಿದ್ದನೋ ಏನೋ. ಅಂದು ಭ್ರಷ್ಟ ಉಚ್ಚಾರ ಅನ್ನಿಸಿಕೊಂಡದ್ದೇ ಇಂದು ಶುದ್ಧ; ಅಂದು ಶುದ್ಧವಾಗಿದ್ದದ್ದು ಇಂದು ಹಳ್ಳಿಗಮಾರನ ಗುರುತು. ಹಾಗಾದರೆ ಶುದ್ಧ ಅನ್ನೋದು ಪದದಲ್ಲಿದೆಯೋ, ಹೇಳುವವನ ಮೈಮೇಲಿನ ಬಟ್ಟೆಯಲ್ಲಿದೆಯೋ?

ಆ ಪಂಡಿತರ ಸಭೆ ಹುಟ್ಟಲೇ ಇಲ್ಲ. 1755ರಲ್ಲಿ ದೊಡ್ಡ ನಿಘಂಟು ತಂದ ಸ್ಯಾಮ್ಯುಯೆಲ್ ಜಾನ್ಸನ್ ತಾನೂ ಭಾಷೆಯನ್ನು ಕಟ್ಟಿಹಾಕಲು ಹೊರಟವನೇ. ಆದರೆ ಮುನ್ನುಡಿಯಲ್ಲಿ ಅದು ಆಗದ ಕೆಲಸ ಅಂತ ಒಪ್ಪಿಕೊಂಡ. ಪ್ರಾಮಾಣಿಕ ಮನುಷ್ಯ.

ಪ್ರಾಮಾಣಿಕನಲ್ಲದ ಕೆಲಸ ಆಮೇಲೆ ಶುರುವಾಯಿತು. 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ, ಮುಂದೆ ಲಂಡನ್ನಿನ ಬಿಷಪ್ಪನೇ ಆದವನು, ಇಂಗ್ಲಿಷ್ ವ್ಯಾಕರಣದ ಒಂದು ಪುಸ್ತಕ ಬರೆದ. ಅದರ ಅಡಿಟಿಪ್ಪಣಿಗಳನ್ನು ನೋಡಬೇಕು. ತಪ್ಪು ಪ್ರಯೋಗಕ್ಕೆ ಉದಾಹರಣೆ ಯಾರದು? ಕುಡುಕರದಲ್ಲ, ಕೂಲಿಯವರದಲ್ಲ. ಷೇಕ್ಸ್‌ಪಿಯರನದು, ಮಿಲ್ಟನ್ನನದು, ಕೊನೆಗೆ ಇಂಗ್ಲಿಷ್ ಬೈಬಲ್ಲಿನದು! ಯಾರ ನಾಲಿಗೆ ಸತ್ತಿತು ಅಂತ ಇವತ್ತು ಅಳುತ್ತಾರೋ, ಆ ನಾಲಿಗೆಗೇ ಲೌತ್ ಕೆಂಪು ಶಾಯಿ ಹಚ್ಚಿದ್ದ. ಎರಡು ನಕಾರ ಸೇರಿದರೆ ಒಂದನ್ನೊಂದು ಕೊಂದು ಸಕಾರವಾಗುತ್ತದೆ ಎಂಬ ಲೆಕ್ಕದ ಮೇಷ್ಟ್ರ ನಿಯಮವೂ ಆ ಪುಸ್ತಕದಲ್ಲಿದೆ. ಹದಿನಾಲ್ಕನೇ ಶತಮಾನದ ಚಾಸರ್ ಒಂದೇ ಮಾತಿನಲ್ಲಿ ಮೂರು ನಾಲ್ಕು ನಕಾರ ಪೇರಿಸಿ ಒತ್ತಿ ಹೇಳುತ್ತಿದ್ದ. ಅವನು ಇಂಗ್ಲಿಷ್ ಕಾವ್ಯದ ತಂದೆ. ಲೌತನ ಕಾಲಕ್ಕೆ ಓದುಬರಹದ ಮಂದಿ ಆ ರೂಢಿಯನ್ನು ಬಿಡುತ್ತಾ ಬಂದಿದ್ದರು, ದುಡಿಯುವ ಜನ ಬಿಟ್ಟಿರಲಿಲ್ಲ. ಈತ ಅದಕ್ಕೆ ಶಾಸ್ತ್ರದ ಮುದ್ರೆ ಒತ್ತಿದ. ಅಲ್ಲಿಂದಾಚೆಗೆ ಕೂಲಿಯವನು ಹಾಗಂದರೆ ಅವನಿಗೆ ತಲೆಯಿಲ್ಲ ಅಂತ ಅರ್ಥ. ಪುಸ್ತಕ ಎಷ್ಟೋ ಸಾರಿ ಮರುಮುದ್ರಣವಾಯಿತು. ಕೊಂಡವರು ಯಾರು? ವ್ಯಾಪಾರದಲ್ಲಿ ಕಾಸು ಕಂಡು ಹೊಸದಾಗಿ ಮೇಲೇರುತ್ತಿದ್ದ ಮಧ್ಯಮವರ್ಗ. ಮೇಲಿನವರ ಹಾಗೆ ಕಾಣಬೇಕು, ಕೆಳಗಿನವರ ಹಾಗೆ ಕೇಳಿಸಬಾರದು. ವ್ಯಾಕರಣ ಅವರಿಗೆ ಜನಿವಾರವಾಯಿತು.

ಇರಲಿ. ಇವರು ಕಾಪಾಡುತ್ತೇವೆ ಅನ್ನುವ ಆ ಶುದ್ಧ ಇಂಗ್ಲಿಷಿನ ಕುಲಮೂಲವನ್ನಾದರೂ ಕೆದಕೋಣ. ನಮ್ಮ ಕುಲ ಕೇಳುವವರ ಕುಲ ನಾವೂ ಕೇಳಬೇಕಲ್ಲ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಆಮೇಲೆ ಸುಮಾರು ಮುನ್ನೂರು ವರ್ಷ ಅರಮನೆಯ ಮಾತು ಫ್ರೆಂಚ್, ಚರ್ಚಿನ ಮಾತು ಲ್ಯಾಟಿನ್. ಇಂಗ್ಲಿಷು ಹೊಲದ ಮಾತು, ಕೊಟ್ಟಿಗೆಯ ಮಾತು, ಒಲೆ ಮುಂದಿನ ಮಾತು. ಇದರ ಗುರುತು ಇವತ್ತೂ ಅಳಿಸಿಲ್ಲ. ದನ ಮೇಯಿಸುವವನ ಬಾಯಲ್ಲಿ ಅದು ಕೌ, ತಿನ್ನುವವನ ತಟ್ಟೆಯಲ್ಲಿ ಅದು ಬೀಫ್. ಕುರಿ ಕಾಯುವವನಿಗೆ ಶೀಪ್, ಉಣ್ಣುವವನಿಗೆ ಮಟನ್. ಹಂದಿ ಸಾಕುವವನಿಗೆ ಪಿಗ್, ಮೇಜಿನ ಮುಂದೆ ಕೂತವನಿಗೆ ಪೋರ್ಕ್. ಮೊದಲಿನದು ಆಳಿನ ಭಾಷೆ, ಎರಡನೆಯದು ಫ್ರೆಂಚರ ಭಾಷೆ. ಜಾನ್ ವಾಲಿಸ್ 1653ರಲ್ಲೇ ಇದನ್ನು ಗುರುತಿಸಿದ್ದ. ವಾಲ್ಟರ್ ಸ್ಕಾಟ್ 'ಐವನ್‌ಹೋ' ಕಾದಂಬರಿಯಲ್ಲಿ ವಿದೂಷಕನೊಬ್ಬ ಹಂದಿ ಕಾಯುವ ಆಳಿಗೆ ಈ ಗುಟ್ಟನ್ನು ಬಿಡಿಸಿ ಹೇಳುತ್ತಾನೆ. ನಮ್ಮ ಕೇರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇಯಿಸುವ ಕೈ ಯಾವುದು, ತಿನ್ನುವ ಬಾಯಿ ಯಾವುದು ಅನ್ನೋದು ನಮಗೆ ಹುಟ್ಟಿನಿಂದ ಗೊತ್ತು.

ಆ ಆಳುಗಳ ಬಾಯಲ್ಲಿ ಬಿದ್ದು ಇಂಗ್ಲಿಷು ಏನಾಯಿತು? ಹಳೆಯ ಇಂಗ್ಲಿಷಿನಲ್ಲಿ ಕಲ್ಲಿಗೂ ಮರಕ್ಕೂ ಲಿಂಗವಿತ್ತು, ಸಂಸ್ಕೃತದ ಹಾಗೆ ಸಾಲು ಸಾಲು ವಿಭಕ್ತಿಗಳಿದ್ದವು. ಶತಮಾನಗಳ ಹೊತ್ತಿಗೆ ಅವೆಲ್ಲ ಹಣ್ಣೆಲೆಯ ಹಾಗೆ ಉದುರಿದವು. ಇಂಗ್ಲಿಷಿಗೆ ಇದಕ್ಕಿಂತ ದೊಡ್ಡ 'ಅವನತಿ' ಬೇರೆ ಯಾವುದಿದೆ? ಅದಕ್ಕೆ ಅಳುವವರನ್ನು ನಾನು ಕಂಡಿಲ್ಲ. ಲಿಂಗ ವಿಭಕ್ತಿ ಕಳಚಿಕೊಂಡ ಆ ಭಾಷೆಯಲ್ಲೇ ಷೇಕ್ಸ್‌ಪಿಯರ್ ಬರೆದ. 1362ರಲ್ಲಿ ಕೋರ್ಟಿನ ವಾದವೆಲ್ಲ ಇಂಗ್ಲಿಷಿನಲ್ಲೇ ನಡೆಯಬೇಕು ಅಂತ ಕಾಯಿದೆ ಮಾಡಿದರು. ಆ ಕಾಯಿದೆಯನ್ನು ಬರೆದದ್ದು ಮಾತ್ರ ಫ್ರೆಂಚಿನಲ್ಲಿ! ನಮ್ಮ ವಿಧಾನಸೌಧದ ಕನ್ನಡ ಸುತ್ತೋಲೆಗಳು ನೆನಪಾದರೆ ನನ್ನ ತಪ್ಪಲ್ಲ.

ಈಗ ನನಗೆ ಬಹಳ ಮುಖ್ಯ ಅನ್ನಿಸಿದ ಮಾತಿಗೆ ಬರುತ್ತೇನೆ. ಇಂಗ್ಲಿಷಿನಲ್ಲೂ ಒಂದು ಕಾಲಕ್ಕೆ ನಮ್ಮ ಹಾಗೆ ನೀನು, ನೀವು ಎರಡೂ ಇದ್ದವು. ಒಬ್ಬನಿಗೆ 'ದೌ', ಹಲವರಿಗೆ 'ಯೂ'. ಫ್ರೆಂಚರ ಸಹವಾಸದಿಂದ ದೊಡ್ಡವರೊಬ್ಬರೇ ಇದ್ದರೂ ಬಹುವಚನ ಬಳಸುವ ರೂಢಿ ಬಂತು. ಒಡೆಯನಿಗೆ ಯೂ, ಆಳಿಗೆ ದೌ. ಇದರ ಅರ್ಥ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮಪ್ಪ ಐವತ್ತು ದಾಟಿದ ಆಳು. ಊರೊಳಗೆ ಹೋದರೆ ಮೀಸೆ ಬಾರದ ಹೈದ 'ಏನ್ಲಾ, ಎತ್ತಾಗ್ಲಾ ಹೊಂಟೆ' ಅಂತಾನೆ. ಅಪ್ಪ ಬಗ್ಗಿ 'ಇಲ್ಲೇ ಬುದ್ಧೀ' ಅಂತಾನೆ. ಆ 'ಲಾ' ಅನ್ನುವ ಒಂದಕ್ಷರದೊಳಗೆ ಇಡೀ ಮನುಸ್ಮೃತಿ ಮಡಚಿ ಕೂತಿದೆ. ಯಾವ ವ್ಯಾಕರಣದ ಪುಸ್ತಕವೂ ಅದನ್ನು ತಪ್ಪು ಅಂತ ಗುರುತು ಹಾಕಿಲ್ಲ.

ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಅಂತ ಒಬ್ಬನಿದ್ದ. ನೇಕಾರನ ಮಗ. ಮೆಟ್ಟು ಹೊಲಿಯುವ ಕಸುಬು ಕಲಿತವನು. ಕ್ವೇಕರ್ ಎಂಬ ಪಂಥ ಕಟ್ಟಿದ. ಅವನೂ ಅವನ ಸಂಗಡಿಗರೂ ಯಾರ ಮುಂದೂ ಟೋಪಿ ತೆಗೆಯುತ್ತಿರಲಿಲ್ಲ. ದೊರೆಯಾಗಲಿ ನ್ಯಾಯಾಧೀಶನಾಗಲಿ ಒಬ್ಬನಿಗೆ ದೌ ಅಂತಲೇ ಮಾತಾಡುತ್ತಿದ್ದರು. ಒದೆ ತಿಂದರು, ಜೈಲು ಕಂಡರು, ಬಿಡಲಿಲ್ಲ. 1660ರಲ್ಲಿ ಹಲವಾರು ಭಾಷೆಗಳ ವ್ಯಾಕರಣ ಹರವಿ, ಒಬ್ಬನಿಗೆ ಬಹುವಚನ ಬಳಸುವುದೇ ತಪ್ಪು ಅಂತ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿದರು. ವ್ಯಾಕರಣವನ್ನು ಒಡೆಯರ ಕೈಯಿಂದ ಕಿತ್ತು ಅವರ ಮೇಲೆಯೇ ತಿರುಗಿಸಿದ ಮೆಟ್ಟು ಹೊಲಿಯುವವನು! ಇವನ ಹೆಸರನ್ನು ನನಗೆ ಇಂಗ್ಲಿಷ್ ಎಂ.ಎ. ಓದಿದವರು ಯಾರೂ ಹೇಳಲಿಲ್ಲ.

ಕೊನೆಗೆ ಇಂಗ್ಲಿಷು ಬೇರೆ ದಾರಿ ಹಿಡಿಯಿತು. ಎಲ್ಲರನ್ನೂ ನೀನು ಮಾಡುವ ಬದಲು ಎಲ್ಲರನ್ನೂ ನೀವು ಮಾಡಿತು. ಯಾರನ್ನು ಯಾವಾಗ ಹೇಗೆ ಕರೆಯಬೇಕೆಂಬ ಗೊಂದಲದಲ್ಲಿ ಜನ ಯೂ ಕಡೆಗೇ ವಾಲಿದರು, ದೌ ಮೂಲೆಗೆ ಬಿತ್ತು. ಏಕವಚನ ಬಹುವಚನದ ವ್ಯತ್ಯಾಸವೇ ಮಾಯ. ಪಂಡಿತರ ತಕ್ಕಡಿಯಲ್ಲಿ ತೂಗಿದರೆ ಇದು ನಷ್ಟ. ನಮ್ಮಪ್ಪನ ತಕ್ಕಡಿಯಲ್ಲಿ? ಗೌಡನಿಗೂ ಅಪ್ಪನಿಗೂ ಒಂದೇ ಪದ ಸಾಕು ಅನ್ನುವ ಭಾಷೆ ಕೆಟ್ಟ ಭಾಷೆಯಾದರೆ ಎಲ್ಲಾ ಭಾಷೆಗಳೂ ಹಾಗೆ ಕೆಡಲಿ. ಇಂಗ್ಲೆಂಡಿನಲ್ಲಿ ಮೇಲುಕೀಳು ಹೋಯಿತು ಅಂತ ನಾನು ಹೇಳುತ್ತಿಲ್ಲ. ಅದು ಬೇರೆ ಕಡೆ ಅಡಗಿಕೊಂಡಿತು. ಅಡಗಿದ್ದು ಎಲ್ಲಿ ಅಂತ ಮುಂದೆ ಹೇಳುತ್ತೇನೆ.

ಅದಕ್ಕೆ ಮೊದಲು ಅಮೆರಿಕಕ್ಕೆ ಹೋಗಬೇಕು. ಅಲ್ಲಿನ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಹೆಸರನ್ನೇ 1972ರಲ್ಲಿ ಮುಂಬಯಿಯ ನಮ್ಮವರು ದಲಿತ ಪ್ಯಾಂಥರ್ ಅಂತ ಇಟ್ಟುಕೊಂಡರು. ಹಾಗಾಗಿ ಅದು ನಮಗೆ ದೂರದ ಊರಲ್ಲ. ಆಫ್ರಿಕಾದ ಬೇರೆ ಬೇರೆ ಭಾಷೆಯ ಜನರನ್ನು ಹಿಡಿದು, ಸಂಕೋಲೆ ಹಾಕಿ, ಹಡಗಿನಲ್ಲಿ ತಂದು ಹತ್ತಿಯ ಹೊಲಕ್ಕೆ ದೂಡಿದರು. 1740ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಗುಲಾಮರಿಗೆ ಬರೆಯಲು ಕಲಿಸುವುದು ಅಪರಾಧ ಅಂತ ಕಾನೂನಾಯಿತು. ನಮ್ಮಲ್ಲಿ ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಅಂದ ಧರ್ಮಸೂತ್ರಕ್ಕೂ ಇದಕ್ಕೂ ಎಷ್ಟು ದೂರ? ಅಕ್ಷರ ಕೊಡಬೇಡ, ಆಮೇಲೆ ಎರಡು ಶತಮಾನ ಬಿಟ್ಟು ಬಂದು, ನಿನ್ನ ಭಾಷೆ ಸರಿಯಿಲ್ಲ ಅನ್ನು.

1960ರ ದಶಕದಲ್ಲಿ ಅಲ್ಲಿನ ಕೆಲವು ಶಿಕ್ಷಣ ತಜ್ಞರು ಒಂದು ಸಿದ್ಧಾಂತ ತಂದರು. ಬಡ ಕಪ್ಪು ಮಕ್ಕಳಿಗೆ ಭಾಷೆಯೇ ಇಲ್ಲ, ಅವರು ಮಾತಾಡುವುದು ಮುರುಕು ಸದ್ದು, ಆದ್ದರಿಂದಲೇ ಅವರು ಶಾಲೆಯಲ್ಲಿ ಸೋಲುತ್ತಾರೆ. ವಿಲಿಯಂ ಲಬಾವ್ ಎಂಬ ಭಾಷಾವಿಜ್ಞಾನಿ ಹಾರ್ಲೆಮ್ಮಿಗೆ ಹೋಗಿ ಕೂತ. ಅವನ ತಂಡದವನೊಬ್ಬ ಎಂಟು ವರ್ಷದ ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿದರೆ ಹುಡುಗ ಹೂಂ, ಊಹೂಂ, ಅಷ್ಟೆ. ಇನ್ನೊಂದು ದಿನ ಅದೇ ಮನುಷ್ಯ ಆಲೂಗಡ್ಡೆ ಚಿಪ್ಸಿನ ಪೊಟ್ಟಣ ಹಿಡಿದು ಬಂದ, ಹುಡುಗನ ಗೆಳೆಯನನ್ನೂ ಕರೆದ, ಕುರ್ಚಿ ಬಿಟ್ಟು ನೆಲದ ಮೇಲೆ ಕೂತ. ತಗೋ, ಮಾತು ಕಟ್ಟೆ ಒಡೆದ ಕೆರೆ! ಭಾಷೆ ಇಲ್ಲದ್ದು ಹುಡುಗನಿಗಲ್ಲ. ಕುರ್ಚಿಯ ಮೇಲೆ ಕೂತವನಿಗೆ ಕಿವಿ ಇರಲಿಲ್ಲ. ಮೇಷ್ಟ್ರುಗಳೇ, ನಿಮ್ಮ ಕುರ್ಚಿಯನ್ನು ಒಮ್ಮೆ ನೋಡಿಕೊಳ್ಳಿ.

ಲಬಾವ್ 1969ರಲ್ಲಿ ಬರೆದ ಪ್ರಸಿದ್ಧ ಲೇಖನದ ಸಾರ ಇಷ್ಟು: ಅದು ಮುರುಕು ಇಂಗ್ಲಿಷಲ್ಲ, ತನ್ನದೇ ನಿಯಮ ಇರುವ ಇಂಗ್ಲಿಷು. ಕನ್ನಡದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಕಪ್ಪು ಜನ 'ಹೀ ವರ್ಕಿಂಗ್' ಅಂದರೆ 'ಕೆಲಸ ಮಾಡ್ತಾ ಅವ್ನೆ', ಈಗ, ಈ ಗಳಿಗೆಯಲ್ಲಿ. 'ಹೀ ಬೀ ವರ್ಕಿಂಗ್' ಅಂದರೆ 'ಕೆಲಸ ಮಾಡ್ತಾನೆ ಇರ್ತಾನೆ', ಅದು ಅವನ ರೂಢಿ. ಎರಡೂ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಅವರ ಕಿವಿಗೆ ತಪ್ಪು. ಹಾಗೇ 'ಈಸ್' ಬಿಡೋದಕ್ಕೂ ಲೆಕ್ಕವಿದೆ. ಬಿಳಿಯರು ಎಲ್ಲಿ ಈಸ್ ಅನ್ನು ಮುದುರಿ ಬರೀ 'ಸ್' ಮಾಡಬಹುದೋ ಅಲ್ಲಿ ಕಪ್ಪು ಜನ ಅದನ್ನು ಪೂರ್ತಿ ಬಿಡಬಹುದು. ಎಲ್ಲಿ ಮುದುರಲು ಬರೋದಿಲ್ಲವೋ ಅಲ್ಲಿ ಬಿಡಲೂ ಬರೋದಿಲ್ಲ. 'ದಟ್ಸ್ ವೇರ್ ಹೀ ಈಸ್' ಎಂಬ ಮಾತಿನ ಕೊನೆಯ ಈಸ್ ಯಾರ ಬಾಯಲ್ಲೂ ಬೀಳೋದಿಲ್ಲ. ಇದು ಸೋಮಾರಿ ನಾಲಿಗೆಯ ಕೆಲಸವಾ? ಪಾಣಿನಿಗೂ ಮೆಚ್ಚುಗೆಯಾಗುವ ಸೂತ್ರ ಅಲ್ಲವಾ ಇದು!

1979ರಲ್ಲಿ ಮಿಷಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ ಕಪ್ಪು ಮಕ್ಕಳ ತಾಯಂದಿರು ಶಾಲಾ ಮಂಡಳಿಯ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ, ಮಕ್ಕಳ ಮನೆಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಓದು ಕಲಿಸಲು ಹೊರಟದ್ದು ಶಾಲೆಯ ತಪ್ಪು ಅಂತ ಜಡ್ಜ್ ಜಾಯ್ನರ್ ತೀರ್ಪು ಕೊಟ್ಟರು. ಕೋರ್ಟು ಹೇಳಿದ ಮೇಲೂ ಬುದ್ಧಿ ಬಂತೆ? 1996ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಶಾಲಾ ಮಂಡಳಿ ಇದೇ ತಿಳಿವಳಿಕೆಯಿಂದ ಕಪ್ಪು ಮಕ್ಕಳ ಮಾತನ್ನು ಗುರುತಿಸಿ ಅದರ ಮೂಲಕ ಶಿಷ್ಟ ಇಂಗ್ಲಿಷು ಕಲಿಸೋಣ ಅಂದಾಗ ದೇಶಕ್ಕೆ ದೇಶವೇ ನಕ್ಕಿತು. ಭಾಷೆಯ ಶವಯಾತ್ರೆ ಅಂತ ಗೋಳಿಟ್ಟಿತು. ಭಾಷಾವಿಜ್ಞಾನಿಗಳ ಸಂಘ ಮರುತಿಂಗಳೇ ಮಂಡಳಿಯ ಪರ ನಿರ್ಣಯ ಮಾಡಿತು. ಅದನ್ನು ಕೇಳಿದವರು ಕಡಿಮೆ. ಇದೇ ದೇಶದಲ್ಲಿ 1961ರಲ್ಲಿ ವೆಬ್‌ಸ್ಟರ್ ನಿಘಂಟಿನ ಮೂರನೇ ಪರಿಷ್ಕರಣೆ 'ಏಂಟ್' ಎಂಬ ಪದಕ್ಕೆ ಬೇಕಾದಷ್ಟು ಛೀಮಾರಿ ಹಾಕಲಿಲ್ಲ ಅಂತ ದೊಡ್ಡ ದೊಡ್ಡ ಪತ್ರಿಕೆಗಳು ಕತ್ತಿ ಹಿರಿದಿದ್ದವು. ಆ ಏಂಟ್ ಅನ್ನೋದು ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನ ದೊಡ್ಡಮನೆಯವರ ಬಾಯಲ್ಲೂ ಧಾರಾಳವಾಗಿ ಓಡಾಡಿದ ಪದ.

ಹಾಗಾದರೆ ಇಂಗ್ಲಿಷು ಎಲ್ಲೂ ಕೆಟ್ಟಿಲ್ಲವೇ? ಕೆಟ್ಟಿದೆ. ಕೊಳೆತು ನಾರುತ್ತಿದೆ. ಆದರೆ ಇವರು ಮೂಗು ಮುಚ್ಚಿಕೊಳ್ಳುವ ಕಡೆ ಅಲ್ಲ.

ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿ, ಬರ್ಮಾದಲ್ಲಿ ಬ್ರಿಟಿಷರ ಪೋಲೀಸು ಕೆಲಸ ಮಾಡಿ, ಅದು ಹೇಸಿಗೆಯಾಗಿ ಬಿಟ್ಟು ಬಂದ ಜಾರ್ಜ್ ಆರ್ವೆಲ್ 1946ರಲ್ಲಿ ಇದನ್ನು ಬರೆದ. ಅವನೂ ಇಂಗ್ಲಿಷು ಕೆಟ್ಟಿದೆ ಅಂದವನೇ. ಆದರೆ ಬೆರಳು ತೋರಿಸಿದ್ದು ಮೇಲಕ್ಕೆ. ಹಳ್ಳಿಗಳ ಮೇಲೆ ಬಾಂಬು ಹಾಕಿ ಅದನ್ನು ಶಾಂತಿಸ್ಥಾಪನೆ ಎಂಬ ಅರ್ಥದ ಪದದಲ್ಲಿ ಮುಚ್ಚುವ ಸರ್ಕಾರಗಳ ಕಡೆ, ಲಕ್ಷಾಂತರ ರೈತರನ್ನು ಒಕ್ಕಲೆಬ್ಬಿಸಿ ಅದನ್ನು ಜನವಸತಿಯ ವರ್ಗಾವಣೆ ಅನ್ನುವ ರಾಜಕಾರಣಿಗಳ ಕಡೆ. ಆಮೇಲೆ ಅಮೆರಿಕ ಕಲಿಸಿದ ಪದಗಳು ನಮಗೆಲ್ಲ ಗೊತ್ತು. ಸತ್ತ ಹೆಂಗಸರು ಮಕ್ಕಳು 'ಕೊಲ್ಯಾಟರಲ್ ಡ್ಯಾಮೇಜ್'. ಸೆಪ್ಟೆಂಬರ್ 2001ರ ನಂತರ ಕೈದಿಗಳಿಗೆ ಕೊಟ್ಟ ಚಿತ್ರಹಿಂಸೆ 'ಎನ್ಹಾನ್ಸ್ಡ್ ಇಂಟರಾಗೇಷನ್'. ಸಾವಿರ ಜನರ ಹೊಟ್ಟೆ ಮೇಲೆ ಹೊಡೆದರೆ 'ರೈಟ್‌ಸೈಜಿಂಗ್'. ಒಂದರಲ್ಲೂ ಸ್ಪೆಲಿಂಗ್ ತಪ್ಪಿಲ್ಲ.

ನಮ್ಮ ದೇಶದ ಇಂಗ್ಲಿಷಿನಿಂದ ಒಂದು ಮಾದರಿ ಕೊಡುತ್ತೇನೆ. 2021ರಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಗೆ ಕೊಟ್ಟ ಉತ್ತರ. 'ಮ್ಯಾನ್ಯುಯಲ್ ಸ್ಕ್ಯಾವೆಂಜಿಂಗ್'ನಿಂದ ಸತ್ತವರ ವರದಿ ಇಲ್ಲ. ಆದರೆ ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕುಗಳ 'ಹಜಾರ್ಡಸ್ ಕ್ಲೀನಿಂಗ್' ವೇಳೆಯ ಅಪಘಾತದಲ್ಲಿ 941 ಮಂದಿ ಸತ್ತಿದ್ದಾರೆ. ಓದಿ, ಇನ್ನೊಂದು ಸಾರಿ ಓದಿ. 2013ರ ಕಾಯಿದೆಯಲ್ಲಿ ಎರಡಕ್ಕೂ ಬೇರೆ ಬೇರೆ ವ್ಯಾಖ್ಯಾನ ಇದೆ, ಆದ್ದರಿಂದ ವಾಕ್ಯ ಸುಳ್ಳಲ್ಲ. ಕರ್ತೃ ಕ್ರಿಯೆ ಹೊಂದಿಕೊಂಡಿವೆ. ಲೌತ್ ಬಿಷಪ್ಪ ಎದ್ದು ಬಂದರೂ ಕೆಂಪು ಶಾಯಿ ಮುಟ್ಟಿಸಲಾರ. 941 ಹೆಣಗಳನ್ನು ಎರಡು ಪದಗಳ ನಡುವಿನ ಸಂದಿಯಲ್ಲಿ ಇಳಿಸಿ ಮುಚ್ಚಳ ಹಾಕಿದ ಈ ವಾಕ್ಯ ಒಳ್ಳೆಯ ಇಂಗ್ಲಿಷು. 'ಮೈ ಫಾದರ್ ಡೆಡ್ ಇನ್ ಮ್ಯಾನ್‌ಹೋಲ್' ಅಂತ ಸತ್ತವನ ಮಗಳು ಬರೆದರೆ ಅದು ಕೆಟ್ಟ ಇಂಗ್ಲಿಷು. ಭಾಷೆಯ ಗುಣಮಟ್ಟ ಅಂತ ಮಾತಾಡುವ ಮಹನೀಯರು ಈ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಮಾತಾಡಲಿ. ಆ ಮೇಲೆ ನಾನು ಕೇಳುತ್ತೇನೆ.

ದೌ ಹೋದ ಮೇಲೆ ಇಂಗ್ಲಿಷಿನ ಮೇಲುಕೀಳು ಎಲ್ಲಿ ಅಡಗಿತು ಅಂತ ಹೇಳುತ್ತೇನೆ ಅಂದಿದ್ದೆ. ಅದು ಉಚ್ಚಾರದೊಳಗೆ ಹೊಕ್ಕಿತು. ನಮ್ಮಲ್ಲಿ ಹಾಲು ಅನ್ನೋದಕ್ಕೆ ಆಲು ಅಂದರೆ ವಿದ್ವಾಂಸರು ಮೀಸೆಯೊಳಗೇ ನಗುತ್ತಾರಲ್ಲ, ಲಂಡನ್ನಿನಲ್ಲೂ ಅದೇ ಹಕಾರ! ಅಲ್ಲಿನ ದುಡಿಯುವ ಜನರ ಬಾಯಲ್ಲಿ ಹೌಸ್ ಹೋಗಿ ಔಸ್ ಆಗುತ್ತದೆ. ಇನ್ನೂರು ವರ್ಷಕ್ಕೂ ಮೇಲಾಯಿತು, ಹಕಾರ ಬಿದ್ದವನು ಕೀಳು ಕುಲದವನು. ಆದರೆ 'ಅವರ್', 'ಆನರ್', 'ಏರ್' ಎಂಬ ಪದಗಳಲ್ಲಿ ಹಕಾರ ಬರೆದೂ ಯಾರೂ ಉಚ್ಚರಿಸೋಲ್ಲವಲ್ಲ, ಯಾಕೆ? ಅವು ಫ್ರೆಂಚ್ ಒಡೆಯರ ಮನೆಯಿಂದ ಬಂದ ಪದಗಳು. ಒಡೆಯ ಬೀಳಿಸಿದ ಹಕಾರ ನಿಯಮ, ಆಳು ಬೀಳಿಸಿದ ಹಕಾರ ಮೈಲಿಗೆ. ನಮ್ಮಲ್ಲೂ ೞ, ಱ ಎಂಬ ಅಕ್ಷರಗಳೇ ಬಿದ್ದುಹೋದವು. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ೞಕಾರದ ಪದಗಳ ಪಟ್ಟಿಯನ್ನೇ ಕೊಟ್ಟ. ಇವತ್ತು ಹಕಾರಕ್ಕಾಗಿ ನಗುವ ಯಾವ ಪಂಡಿತನ ಬಾಯಲ್ಲಿ ೞ ಇದೆ?

ಬರ್ನಾರ್ಡ್ ಷಾ 1913ರಲ್ಲಿ 'ಪಿಗ್ಮೇಲಿಯನ್' ನಾಟಕದಲ್ಲಿ ಹೂ ಮಾರುವ ಹುಡುಗಿಯ ಉಚ್ಚಾರ ತಿದ್ದಿ ದೊಡ್ಡಮನೆ ಹೆಂಗಸಿನ ಹಾಗೆ ಮೆರೆಸುವ ಪ್ರೊಫೆಸರನನ್ನು ತೋರಿಸಿ ನಕ್ಕ. ಆ ಪ್ರೊಫೆಸರ ಈಗ ಬೆಂಗಳೂರಿಗೆ ಬಂದು ಕಂಪನಿಯ ಟ್ರೈನರ್ ಆಗಿದ್ದಾನೆ. ಕಾಲ್ ಸೆಂಟರುಗಳ ಇಂಟರ್‌ವ್ಯೂ ಕಂಡವರಿಗೆ 'ಎಂಟಿಐ' ಎಂಬ ಮೂರಕ್ಷರ ಗೊತ್ತು. ಮದರ್ ಟಂಗ್ ಇನ್‌ಫ್ಲುಯೆನ್ಸ್. ತಾಯಿನುಡಿಯ ಪ್ರಭಾವ. ರೋಗದ ಹೆಸರಿನ ಹಾಗೆ ಅದನ್ನು ಉಚ್ಚರಿಸುತ್ತಾರೆ. ಡಿಗ್ರಿ ಮುಗಿಸಿದ ವರ್ಷ ನಾನೂ ಒಂದು ಕಂಪನಿಯ ಮುಂದೆ ಕೂತಿದ್ದೆ. ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಎದುರಿಗಿದ್ದಾಕೆ ಒಳ್ಳೆಯವಳೇ, ನಗುತ್ತಲೇ ಮಾತಾಡಿದಳು. ಫಾರಮ್ಮಿನಲ್ಲಿ ನನ್ನ ಹೆಸರಿನ ಮುಂದೆ ಬರೆದದ್ದು ತಲೆಕೆಳಗಾಗಿ ಕಂಡಿತು: ಎಂಟಿಐ, ಹೈ. ನನ್ನ ಅವ್ವನ ನಾಲಿಗೆ ನನ್ನ ಬಾಯಲ್ಲಿ ಜಾಸ್ತಿ ಇದೆ, ಆದ್ದರಿಂದ ಕೆಲಸ ಇಲ್ಲ. ಸ್ವಾಮಿ, ಅವರು ಜಾತಿ ಕೇಳಲಿಲ್ಲ. ಕೇಳಿಸಿಕೊಂಡರು. ಈಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಫೋನಿನಲ್ಲಿ ಮಾತಾಡುತ್ತಿರುವಾಗಲೇ ಇಲ್ಲಿಯವರ ಉಚ್ಚಾರವನ್ನು ಅಮೆರಿಕದ ಉಚ್ಚಾರವಾಗಿ ಬದಲಿಸುವ ಯಂತ್ರಬುದ್ಧಿ ಬಂದಿದೆ. ದುಡಿಮೆ ನಮ್ಮದು ಬೇಕು, ದನಿ ಬೇಡ.

ಇಷ್ಟು ಹೇಳಿದ ಮೇಲೆ ನಮ್ಮವರ ಜೊತೆ ಒಂದು ಜಗಳ ಬಾಕಿ ಇದೆ. ಎಲ್ಲಾ ಇಂಗ್ಲಿಷೂ ಸಮಾನ, ನಿಮ್ಮ ಮಕ್ಕಳು ಹೇಗೆ ಮಾತಾಡಿದರೂ ಸರಿ, ತಿದ್ದಬೇಡಿ ಅನ್ನುವ ಪ್ರಗತಿಪರರು ಹುಟ್ಟಿಕೊಂಡಿದ್ದಾರೆ. ಇವರ ಮಕ್ಕಳು ಓದುವುದು ಮಾತ್ರ ದುಬಾರಿ ಕಾನ್ವೆಂಟಿನಲ್ಲಿ. ಈ ಉದಾರತೆ ನಮಗೆ ಬೇಡ. ಬಾಬಾಸಾಹೇಬರು 1936ರಲ್ಲಿ ಜಾತಿವಿನಾಶದ ಭಾಷಣವನ್ನು ಮುರುಕು ಇಂಗ್ಲಿಷಿನಲ್ಲಿ ಬರೆಯಲಿಲ್ಲ; ಕರೆದವರು ಸಭೆ ರದ್ದು ಮಾಡಿದಾಗ ತಾವೇ ಅಚ್ಚು ಹಾಕಿಸಿದರು, ಆ ಇಂಗ್ಲಿಷಿಗೆ ಉತ್ತರ ಕೊಡಲು ಗಾಂಧಿಯೇ ಲೇಖನಿ ಹಿಡಿಯಬೇಕಾಯಿತು. ಶಿಷ್ಟ ಇಂಗ್ಲಿಷು ನಮ್ಮ ಮಕ್ಕಳಿಗೆ ಪೂರ್ತಿ ಬೇಕು, ಈಸ್ ಸಮೇತ, ಹಕಾರ ಸಮೇತ. ಆದರೆ ಗುದ್ದಲಿ ಬೇಕು ಅನ್ನುವ ಹಾಗೆ ಬೇಕು, ಮಡಿ ಅಂತ ಅಲ್ಲ. ಉತ್ತರಪ್ರದೇಶದ ಲಖೀಂಪುರ ಖೇರಿಯ ಬಾಂಕಾ ಹಳ್ಳಿಯಲ್ಲಿ 2010ರಲ್ಲಿ ನಮ್ಮವರೇ ಇಂಗ್ಲಿಷ್ ದೇವಿಗೆ ಗುಡಿ ಕಟ್ಟಲು ಹೊರಟರು. ಅವರ ಹಸಿವು ನನಗೆ ಅರ್ಥವಾಗುತ್ತದೆ. ಗುಡಿ ಕಟ್ಟಿದರೆ ಪೂಜಾರಿ ಬರುತ್ತಾನೆ ಅನ್ನೋದಷ್ಟೇ ನನ್ನ ತಕರಾರು.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಕೇಳಿಕೆ. ಮಗು 'ಹೀ ಮೈ ಫಾದರ್' ಅಂತ ಬರೆದರೆ ತಲೆ ಮೇಲೆ ಮೊಟಕಬೇಡಿ. 'ಅವ್ನು ನಮ್ಮಪ್ಪ' ಅನ್ನುವ ಕನ್ನಡದಲ್ಲಿ ಈಸ್ ಎಲ್ಲಿದೆ? ಮಗು ಬರೆದದ್ದು ತನ್ನ ನುಡಿಯ ನಿಯಮಕ್ಕೆ ಸರಿಯಾಗಿದೆ. ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯಿರಿ. ನಮ್ಮದರಲ್ಲಿ ಇದು ಬೇಡ, ಅವರದರಲ್ಲಿ ಇದು ಬೇಕು ಅಂತ ತೋರಿಸಿ. ಆನ್ ಆರ್ಬರಿನ ತಾಯಂದಿರು ಕೇಳಿದ್ದೂ ಇಷ್ಟನ್ನೇ.

ಕೆಲಸ ಹುಡುಕುವ ಗೆಳೆಯ ಗೆಳತಿಯರೇ, ಎಂಟಿಐ ಎಂಬ ಕಾಲಂ ಇರುವ ಫಾರಂ ಕಂಡರೆ, ಆ ಕಾರಣ ಕೊಟ್ಟು ನಿಮ್ಮನ್ನು ವಾಪಸ್ಸು ಕಳಿಸಿದ್ದರೆ, ದಿನ, ತಿಂಗಳು, ಹುದ್ದೆಯ ಹೆಸರು ಬರೆದು ಈ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಕನ್ನಡದಲ್ಲಾದರೂ ಸರಿ, ಬಂದಷ್ಟು ಇಂಗ್ಲಿಷಿನಲ್ಲಾದರೂ ಸರಿ. ಐವತ್ತು ಕಾಗದ ಸೇರಿದರೆ ಕಾರ್ಮಿಕ ಇಲಾಖೆಯ ಬಾಗಿಲಿಗೆ ಒಟ್ಟಿಗೆ ಹೋಗೋಣ.